ಎಡ ಪುಟದಲ್ಲಿ ಕಥೆ, ಬಲ ಪುಟದಲ್ಲಿ ಊಹೆ

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸೇರುತ್ತಿದ್ದ ನಮ್ಮ ಷರ್ಲಾಕ್ ಹೋಮ್ಸ್ ಅಭಿಮಾನಿಗಳ ಬಳಗದ ಹಿರಿಯರೊಬ್ಬರಿಗೆ, ಹೆಸರು ಬರೆಯಬಾರದೆಂಬ ಅವರ ಮಾತನ್ನು ಮೀರದೆ, ಈ ಬಹಿರಂಗ ಧನ್ಯವಾದವನ್ನು ಸಲ್ಲಿಸುತ್ತಿದ್ದೇನೆ.

ಬಳಗಕ್ಕೆ ಹೊಸಬನಾಗಿದ್ದಾಗ, ಪತ್ತೇದಾರ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ಗೆ ಯುದ್ಧದಲ್ಲಿ ಎರಡು ಗುಂಡು ತಗುಲಿದ್ದವೆಂದು ನಾನು ಖಚಿತವಾಗಿ ವಾದಿಸಿದ್ದೆ. 1887ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಲ್ಲಿ ಗಾಯ ಭುಜಕ್ಕಾಗಿದ್ದರೆ, 1890ರ ಎರಡನೆಯದರಲ್ಲಿ ಅದು ಕಾಲಿನಲ್ಲಿದೆ. ನನಗೆ ಅಷ್ಟೇ ಸಾಕಾಗಿತ್ತು. ಉಳಿದವರು ಮುಗುಳ್ನಕ್ಕು ಸುಮ್ಮನಾದರು. ನಾವು ಕಾಕಾ ಎನ್ನುವ ಆ ಹಿರಿಯರು ಮಾತ್ರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಪುಟ ತೆಗಿ ತಮ್ಮಾ, ಎಲ್ಲಿ ಬರದಾರ ತೋರ್ಸು" ಎಂದರು. ವಾಟ್ಸನ್ ಗಾಯಗೊಂಡ ಅಫ್ಘಾನಿಸ್ತಾನದ ಮೈವಾಂದ್ ಕದನದ ಆ ಪುಟವನ್ನು ಬೆರಳಿಟ್ಟು ಓದಿಸಿದಾಗ, ಗುಂಡು ಮೂಳೆಯನ್ನು ಪುಡಿಮಾಡಿದ್ದು, ಬಳಿಕ ಪೇಶಾವರದ ಆಸ್ಪತ್ರೆಯಲ್ಲಿ ಜ್ವರ ಹಿಡಿದದ್ದು ಎಲ್ಲವೂ ಸಿಕ್ಕವು, ಎರಡನೆಯ ಗುಂಡಿನ ಸುಳಿವೇ ಇರಲಿಲ್ಲ. ಆದರೂ ನನ್ನ ವಾದವನ್ನು ಅವರು ತಳ್ಳಿಹಾಕದೆ, ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಥೆ ಹೇಳಿದ್ದನ್ನೂ ಬಲ ಪುಟದಲ್ಲಿ ನಾನು ಊಹಿಸಿದ್ದನ್ನೂ ಬರೆಯಿಸಿ, ಲೇಖಕರೇ ಮರೆತಿರಬಹುದೆಂಬ ಸರಳ ಸಾಧ್ಯತೆಯನ್ನು ಸೇರಿಸಲು ಹೇಳಿದರು.

ನಾಲ್ಕು ಕಾದಂಬರಿ, 56 ಸಣ್ಣಕಥೆಗಳನ್ನು ಹೀಗೆಯೇ ಓದಿ ಮುಗಿಸಲು ನನಗೆ ಮೂರು ವರ್ಷ ಹಿಡಿಯಿತು. ತಿಳಿದವರು ಉತ್ತರ ಹೇಳಿಬಿಡುವುದು ಸುಲಭ. ಗೊತ್ತಿದ್ದೂ ತಡೆದುಕೊಂಡು ಹೊಸಬನ ಕೈಯಿಂದಲೇ ಹುಡುಕಿಸುವ ತಾಳ್ಮೆಯನ್ನು ನಾನು ಬೇರೆಲ್ಲೂ ಅಷ್ಟಾಗಿ ಕಂಡಿಲ್ಲ. ಕಳೆದ ವಾರ ಕಾಲೇಜು ಹುಡುಗಿಯೊಬ್ಬಳು ಅದೇ ಎರಡು ಗುಂಡುಗಳ ವಾದದೊಂದಿಗೆ ಬಂದಾಗ, ನಾನು ಆಕೆಗೆ ಖಾಲಿ ನೋಟ್‌ಬುಕ್ ಒಂದನ್ನು ಕೊಟ್ಟೆ. ಕಾಕಾ, ನಿಮಗೆ ಶರಣು ಶರಣಾರ್ಥಿ.