ಘಾಟಿ ಇಳಿಯುವ ಮೊದಲು

ಉಡುಪಿ

ಚಿ. ಅನುಷಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲೈಸನ್ಸ್ ಬಂತೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಇನ್ನು ಆಗುಂಬೆಗೆ ನೀನೇ ಕಾರು ಬಿಡುತ್ತೀಯಂತೆ. ಪರೀಕ್ಷೆಯಲ್ಲಿ ಬರೆಸಿದ್ದು ಒಂದು 8. ಘಾಟಿಯಲ್ಲಿ ಹೇರ್‌ಪಿನ್ ತಿರುವು 14 ಉಂಟು ಮಾರಾಯ್ತಿ.

ಹತ್ತುವಾಗ ಹೆಚ್ಚೆಂದರೆ ಇಂಜಿನ್ ಆಫ್ ಆದೀತು. ಹ್ಯಾಂಡ್‌ಬ್ರೇಕ್ ಎಳೆ, ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕು, ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಕ್ಲಚ್ಚನ್ನು ನಿಧಾನಕ್ಕೆ ಬಿಡು. ಇಂಜಿನ್ ಸದ್ದು ದಪ್ಪಗಾಗಿ ಬಾನೆಟ್ ತುಸು ಮೇಲೆದ್ದಂತೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸುವುದು ಆಗ. ಹಾಫ್ ಕ್ಲಚ್ಚಿನಲ್ಲೇ, ಅಂದರೆ ಕ್ಲಚ್ಚನ್ನು ಅರ್ಧ ಬಿಟ್ಟುಕೊಂಡೇ, ಕಾರು ನಿಲ್ಲಿಸಿಕೊಂಡರೆ ಕ್ಲಚ್ ಪ್ಲೇಟ್ ಸುಡುತ್ತದೆ.

ಕಷ್ಟ ಇರುವುದು ಸೋಮೇಶ್ವರದ ಕಡೆ ಇಳಿಯುವಾಗ. ಹತ್ತಲು ಬೇಕಾದ ಗೇರೇ ಇಳಿಯಲೂ ಬೇಕು: ಸೆಕೆಂಡ್, ತೀರಾ ಕಡಿದಾದಲ್ಲಿ ಫಸ್ಟ್. ಗೇರ್ ಬದಲಿಸುವುದನ್ನು ತಿರುವಿಗೆ ಮೊದಲೇ ಮುಗಿಸು. ತಿರುವಿನೊಳಗೆ ಕ್ಲಚ್ ಒತ್ತಿದೆಯೋ, ಇಂಜಿನ್ನಿನ ಹಿಡಿತ ತಪ್ಪಿ ಕಾರು ತನ್ನಷ್ಟಕ್ಕೆ ಓಡುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಜಾಣರೂ ಇದ್ದಾರೆ. ಈಗಿನ ಇಂಜೆಕ್ಷನ್ ಇಂಜಿನ್ನುಗಳಲ್ಲಿ, ಗೇರಿನಲ್ಲಿ ಇಳಿಯುತ್ತಾ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚು. ಇಂಜಿನ್ ಬಂದ್ ಮಾಡಿದರಂತೂ ಎರಡು ಮೂರು ಸಲ ಒತ್ತುವುದರೊಳಗೆ ಬ್ರೇಕ್ ಕಲ್ಲಾಗುತ್ತದೆ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡ. ಗಟ್ಟಿಯಾಗಿ ಒತ್ತು, ವೇಗ ತಗ್ಗಿಸು, ಪೂರ್ತಿ ಬಿಡು. ಕಾದ ಬ್ರೇಕ್ ಮೊದಲು ವಾಸನೆ ಕೊಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಒಳಗೆ ಬ್ರೇಕ್ ಆಯಿಲ್ ಕುದಿದರೆ ಪೆಡಲ್ಲೇ ಮೆತ್ತಗಾಗಿ ಕೆಳಗೆ ಹೋಗುತ್ತದೆ. ವಾಸನೆ ಬಂದಾಗಲೇ ಅಗಲ ಜಾಗದಲ್ಲಿ ನಿಲ್ಲಿಸಿ, ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡು. ತಣಿಯಲೆಂದು ನೀರು ಹೊಯ್ಯಬೇಡ, ಡಿಸ್ಕ್ ಸೊಟ್ಟಗಾದೀತು.

ಹೇರ್‌ಪಿನ್ನಿಗೆ ಮೊದಲು ಹಾರ್ನ್. ಕೆಳಗಿಂದ ಬಸ್ಸು ಬರುವುದು ಕಂಡರೆ ತಿರುವಿನ ಈಚೆಯೇ ನಿಲ್ಲು, ಅದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕು. ಹತ್ತುವವರಿಗೆ ದಾರಿ ಬಿಡುವುದು ಕಾನೂನೂ ಹೌದು. ಮಂಜು ಕವಿದರೆ ಹೈಬೀಮ್ ಬೇಡ, ಬೆಳಕು ತಿರುಗಿ ನಿನ್ನ ಕಣ್ಣಿಗೇ ಹೊಡೆಯುತ್ತದೆ. ಮಂಗಗಳಿಗೆ ಬಾಳೆಹಣ್ಣು ಕೊಡಲು ತಿರುವಿನಲ್ಲೇ ಕಾರು ನಿಲ್ಲಿಸುವವರಿದ್ದಾರೆ, ಜಾಗ್ರತೆ.

ಹೆಬ್ರಿಯಲ್ಲಿ ಟೈರಿನ ಗಾಳಿ ನೋಡಿಸು. ಚಿಕ್ಕಿಗೆ ತಿರುವಿನಲ್ಲಿ ವಾಂತಿಯಾಗುತ್ತದೆ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸು.

ಇತಿ,
ದೊಡ್ಡಪ್ಪ