ಕಲೆ ತೆಗೆಯುವ ಬಿಳಿ ಹರಳಿನ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ದಸರಾ ರಜೆ ಶುರುವಾಗುತ್ತಿದೆ, ಆಯುಧಪೂಜೆಗೆ ಮನೆ ತೊಳೆಯುವ ಕೆಲಸವೂ ಜೊತೆಗೇ ಬರುತ್ತದೆ. ತುಕ್ಕು ತೆಗೆಯಲು, ಹಿತ್ತಾಳೆ ಬೆಳಗಲು, ನೆಲದ ಕಲ್ಲಿಗೆ ಪಾಲಿಶ್ ಕೊಡಲು ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ನೋಡಲು ಸಕ್ಕರೆಯಂಥ ಹರಳು. ಭೇದಿಗೆ ಕೊಡುವ ಎಪ್ಸಮ್ ಉಪ್ಪೂ ಹೀಗೇ ಇರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿದ್ದರೆ ದೊಡ್ಡವರಿಗೇ ಗುರುತು ಸಿಗದು. ರುಚಿ ನೋಡಿ ಪರೀಕ್ಷಿಸಬೇಡಿ. ಆಕ್ಸಾಲಿಕ್ ಆಸಿಡ್ ವಿಷ; ದೊಡ್ಡವರಿಗೆ ಅದರ ಮಾರಕ ಪ್ರಮಾಣ ಸುಮಾರು 15ರಿಂದ 20 ಗ್ರಾಂ. 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಜೀವ ತೆಗೆದದ್ದೂ ಉಂಟು.

ಮಗು ನುಂಗಿದರೆ ಮೊದಲು ಬಾಯಿ, ಗಂಟಲು, ಹೊಟ್ಟೆ ಉರಿಯುತ್ತದೆ. ವಾಂತಿ ಕಾಫಿ ಚರಟದ ಬಣ್ಣದಲ್ಲಿರಬಹುದು. ಆಮೇಲಿನದು ಹೆಚ್ಚು ಅಪಾಯದ್ದು: ಈ ಆಮ್ಲ ರಕ್ತದಲ್ಲಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈಕಾಲು ಸೆಡೆತ, ಫಿಟ್ಸ್, ಹೃದಯದ ಬಡಿತ ಏರುಪೇರು. ಇಷ್ಟನ್ನು ದಾಟಿದರೂ, ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮೂತ್ರಪಿಂಡದಲ್ಲಿ ಕೂತು, ಒಂದೆರಡು ದಿನದ ಮೇಲೆ ಮೂತ್ರ ಕಡಿಮೆಯಾಗಬಹುದು. ಆದ್ದರಿಂದ ಉರಿ ನಿಂತಿತೆಂದು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಬಾಯಿ ಮುಕ್ಕಳಿಸಿ. ಎಚ್ಚರವಿದ್ದು ಸಲೀಸಾಗಿ ನುಂಗುವಂತಿದ್ದರೆ ಸ್ವಲ್ಪ ಹಾಲು ಕೊಡಿ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಮ್ಲವನ್ನು ಕರಗದ ವಸ್ತುವಾಗಿಸುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಸುಟ್ಟ ಗಂಟಲು ಮತ್ತೆ ಸುಡುತ್ತದೆ. ‘ಹುಳಿಗೆ ಅಡುಗೆ ಸೋಡಾ’ ಎಂಬ ಲೆಕ್ಕವೂ ಇಲ್ಲಿ ತಪ್ಪು: ಸೋಡಾದೊಂದಿಗೆ ಸೇರಿ ಆಗುವ ಲವಣ ಕರಗಿ ರಕ್ತಕ್ಕೆ ಹೋಗುತ್ತದೆ, ಅದೂ ವಿಷವೇ. 108ಕ್ಕೆ ಕರೆ ಮಾಡಿ, ಉಳಿದ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ರೋಗ ಗುರುತಿಸಲು ನೀವು ಹೇಳುವ ವಸ್ತುವಿನ ಹೆಸರು, ಪ್ರಮಾಣ, ಹೊತ್ತು ಇವೇ ಮೊದಲ ಆಧಾರ. ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಇಸಿಜಿ ನೋಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಮೂತ್ರದೊಳಗೆ ಲಕೋಟೆಯಾಕಾರದ ಅಥವಾ ಸೂಜಿಯಂಥ ಹರಳು ಕಾಣಬಹುದು. ಕಾಣಲಿಲ್ಲವೆಂದರೆ ವಿಷವಿಲ್ಲ ಎಂದಲ್ಲ. ಟ್ರ್ಯಾಕ್ಟರ್ ರೇಡಿಯೇಟರ್‌ಗೆ ಹಾಕುವ ಸಿಹಿಯಾದ ಕೂಲೆಂಟ್ (ಎಥಿಲೀನ್ ಗ್ಲೈಕಾಲ್) ಕುಡಿದರೂ ದೇಹದೊಳಗೆ ಆಕ್ಸಾಲಿಕ್ ಆಮ್ಲವೇ ಆಗುವುದರಿಂದ ಇಂಥವೇ ಹರಳು ಬರುತ್ತವೆ. ಚಿಕಿತ್ಸೆ ಬೇರೆ, ಹಾಗಾಗಿ ಶೆಡ್ಡಿನಲ್ಲಿದ್ದ ಡಬ್ಬಿಯನ್ನೂ ಮುಚ್ಚಿಡದೆ ಹೇಳಿ.

ಪಾಲಕ್, ದಂಟಿನಲ್ಲೂ ಆಕ್ಸಲೇಟ್ ಇದೆಯಲ್ಲ ಎಂದು ಬಿಸಿಯೂಟದ ಸೊಪ್ಪಿನ ಸಾರು ಬೇಡವೆನ್ನಬೇಡಿ. ಆರೋಗ್ಯವಂತ ಮಗು ಊಟಕ್ಕೆ ತಿನ್ನುವಷ್ಟರಲ್ಲಿ ಅದು ವಿಷವಲ್ಲ.

ಪುಡಿ ಮಿಕ್ಕಿದ್ದರೆ ಅಡುಗೆಮನೆಯ ಡಬ್ಬಿಗೆ ಸುರಿಯದೆ, ಹೆಸರು ಬರೆದು ಬೀಗದ ಕಪಾಟಿನಲ್ಲಿಡಿ.

ಇಂತಿ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ