ಬ್ರಾಂಪ್ಟನ್ ಸ್ಮಶಾನದ ಗೌರಮ್ಮ: ಮಗಳಿಗೊಂದು ಪತ್ರ

ಮಡಿಕೇರಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಕೋಣೆಯಿಂದ ಕಾಲೇಜಿಗೆ ಹೋಗುವಾಗ ಬಳಸುದಾರಿ ತಪ್ಪುತ್ತದೆಂದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದ ಒಳಗಿನಿಂದಲೇ ನಡೆದುಹೋಗುತ್ತೇನೆ, ಗೋರಿಗಳ ಮೇಲಿನ ಬರಹ ಓದುತ್ತ ಇವರೆಲ್ಲ ಹೇಗೆ ಬದುಕಿದ್ದಿರಬಹುದೆಂದು ಊಹಿಸುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ಬರೆದಿದ್ದೀಯೆ. ಅಜ್ಜಿಗೆ ಓದಿ ಹೇಳಿದೆ. ಮನೆಗೆ ಬಂದೊಡನೆ ಸ್ನಾನ ಮಾಡುತ್ತಾಳೋ ಇಲ್ಲವೋ ಕೇಳು ಎಂದರು. ಆ ಚಳಿಯಲ್ಲಿ ದಿನವೂ ಅದು ಆಗುವ ಮಾತಲ್ಲವೆಂದು ನಾನೇ ನಿನ್ನ ಪರವಾಗಿ ಹೇಳಿದ್ದೇನೆ.

ಆ ಸ್ಮಶಾನದಲ್ಲಿ ನಮ್ಮವಳೊಬ್ಬಳಿದ್ದಾಳೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ರಾಜನನ್ನು ಕಾಶಿಗೆ ಸಾಗಿಸಿದ್ದು ನಿನಗೆ ಗೊತ್ತು. ಈ ಮಗಳು ಹುಟ್ಟಿದ್ದು ಅಲ್ಲಿ, 1841ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ ಸಿಕ್ಕಿಕೊಂಡಿದ್ದ ಮನೆತನದ ಹಣವನ್ನು ಬಿಡಿಸಿಕೊಳ್ಳಲು ರಾಜ 1852ರಲ್ಲಿ ಲಂಡನ್ನಿಗೆ ಹೊರಟಾಗ ಅವಳನ್ನೂ ಕರೆದೊಯ್ದ, ರಾಣಿಯ ಆಶ್ರಯದಲ್ಲಿ ಬೆಳೆಸಬೇಕೆಂದು ತಾನೇ ಕೋರಿಕೊಂಡ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಕೊಟ್ಟು ಮದುವೆ ಮಾಡಬೇಕೆಂಬ ಆಸೆ ರಾಣಿಗಿತ್ತು, ಅವನು ಒಪ್ಪಲಿಲ್ಲ. ಕೊನೆಗೆ 1860ರಲ್ಲಿ, ತನಗಿಂತ ಸುಮಾರು ಮೂವತ್ತು ವರ್ಷ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಮರುವರ್ಷ ಹೆಣ್ಣುಮಗುವಿನ ತಾಯಾಗಿ, 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತಮೂರು ತುಂಬಿರಲಿಲ್ಲ. ನಿನ್ನ ಓರಗೆಯವಳು.

ಇಷ್ಟನ್ನು ಕೇಳಿದ ನಮ್ಮ ಕಡೆಯವರು ಯಾರೇ ಆಗಲಿ, ಕೊಡಗಿನ ಮಂಜನ್ನೂ ಬೆಟ್ಟಗಳನ್ನೂ ನೆನೆದು ಪರದೇಶದಲ್ಲಿ ಕೊರಗಿ ಸತ್ತ ರಾಜಕುಮಾರಿಯೊಬ್ಬಳನ್ನು ಕಲ್ಪಿಸಿಕೊಂಡುಬಿಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡು. ರಾಜ್ಯ ಹೋಗಿ ಏಳು ವರ್ಷವಾದ ಮೇಲೆ ಕಾಶಿಯಲ್ಲಿ ಹುಟ್ಟಿ, ಅಲ್ಲಿಂದಲೇ ಹಡಗಿನ ದಾರಿ ಹಿಡಿದವಳು ಮಡಿಕೇರಿಯ ಈ ಅರಮನೆಯಲ್ಲಿ ಒಂದು ದಿನವೂ ಬದುಕಿರಲಿಲ್ಲ. ಬದುಕಿನ ಮೊದಲ ಅರ್ಧ ಗಂಗೆಯ ದಡದಲ್ಲಿ, ಉಳಿದ ಅರ್ಧ ಇಂಗ್ಲೆಂಡಿನಲ್ಲಿ ಕಳೆಯಿತು. ಅವಳು ಹಂಬಲಿಸಿದ್ದರೆ ಕಾಶಿಯ ಬಿಸಿಲಿಗೆ ಹಂಬಲಿಸಿರಬಹುದು. ಕೊಡಗು ಅವಳ ಪಾಲಿಗೆ ಹಿರಿಯರು ಹೇಳುತ್ತಿದ್ದ ಊರು, ಕಂಡ ಊರಲ್ಲ. ಸತ್ತವರ ಬದುಕನ್ನು ಊಹಿಸುವಾಗ ನಾವು ನಮ್ಮ ತವರನ್ನೇ ಅವರ ಎದೆಯೊಳಗೆ ತುರುಕಿಬಿಡುತ್ತೇವೆ ಎಂಬುದು ನನಗೆ ಬಹಳ ದಿನದಿಂದ ಕಾಡುತ್ತಿರುವ ವಿಚಾರ. ಅವಳ ಒಡವೆಗಳ ಗತಿ ಏನಾಯಿತೆಂದು ಪತ್ತೆದಾರಿ ಮಾಡುವವರೂ ಇದ್ದಾರೆ. ಅವರಿಗೆ ಅವಳಿಗಿಂತ ಒಡವೆಯ ಪೆಟ್ಟಿಗೆಯೇ ಮುಖ್ಯ.

ನಾನಾದರೆ ಎಲ್ಲಿಂದ ತೊಡಗುತ್ತೇನೆ ಎಂದು ಹೇಳುತ್ತೇನೆ. ಹತ್ತು ದಾಟಿದ ಹುಡುಗಿ. ಇಂಗ್ಲೆಂಡಿನಲ್ಲಿ ತಾನು ಹೋಗಿ ಸೇರಿದ ಪಾಲಕರ ಮನೆಯಲ್ಲಿ ಅವಳಿಗೆ ತಲೆ ಬಾಚಿ ಹೆಣೆಯುತ್ತಿದ್ದವರು ಯಾರು? ಎಣ್ಣೆ ಹಚ್ಚಿಸಿಕೊಂಡು ರೂಢಿಯಾದ ಕೂದಲನ್ನು ಸಾಬೂನಿನಿಂದ ತೊಳೆದಾಗ ಸಿಕ್ಕುಗಟ್ಟಿ, ಬಾಚಣಿಗೆ ಜಗ್ಗಿದಾಗ ಅವಳು ಯಾವ ಭಾಷೆಯಲ್ಲಿ ಬೇಡವೆಂದಳು? ಕೊಡಗನ್ನಾಳಿದ ಹಾಲೇರಿ ಅರಸರ ಕಾಗದಪತ್ರಗಳೆಲ್ಲ ಕನ್ನಡದಲ್ಲಿದ್ದವು, ಅವರಲ್ಲೊಬ್ಬನಾದ ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲೇ ಬರೆಸಿದ. ಹಾಗಾಗಿ ಕಾಶಿಯ ಆ ಮನೆಯೊಳಗೂ ಕನ್ನಡ ಕೇಳುತ್ತಿತ್ತೆಂದು ಭಾವಿಸಿದರೆ ತಪ್ಪಾಗಲಾರದು. ದೀಕ್ಷಾಸ್ನಾನದ ನಂತರ ತಂದೆಯೊಡನೆ ಹೆಚ್ಚು ಬೆರೆಯಲು ಅವಳ ಪಾಲಕರು ಬಿಡಲಿಲ್ಲ. ಅಪರೂಪಕ್ಕೆ ಭೇಟಿಯಾದಾಗ, ಮಗಳಿಗೆ ಮಾತು ಮರೆಯುತ್ತಿದೆಯೆಂದು ಅಪ್ಪನಿಗೆ ಯಾವತ್ತು ಗೊತ್ತಾಗಿರಬಹುದು? ಇದು ಊಹೆ, ನಿಜ. ಆದರೆ ತಿಳಿದದ್ದರ ಅಂಚಿನಲ್ಲೇ ನಿಂತ ಊಹೆ. ರಾಣಿಯ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಅವಳ ಚಿತ್ರವೊಂದಿದೆ, ಹುಡುಕಿ ನೋಡು. ನೋಡುವಾಗ, ಅದನ್ನು ಬರೆಸಿದವರು ಕಾಣಬಯಸಿದ ಹುಡುಗಿ ಅವಳು ಎಂಬುದು ನೆನಪಿರಲಿ.

ಅವಳ ತಂದೆಯ ಬಗ್ಗೆ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಂತಿಲ್ಲ. ಕ್ರೂರಿ ಎಂದು ಹೆಸರು ಹೊತ್ತವನು. ತನ್ನ ತಂದೆ ಲಿಂಗರಾಜೇಂದ್ರ 1820ರಲ್ಲಿ ತೀರಿಕೊಂಡಾಗ ಅವನು ಕಟ್ಟಿಸಿದ ಗದ್ದಿಗೆಯನ್ನು ನೀನು ಚಿಕ್ಕಂದಿನಿಂದ ಕಂಡಿದ್ದೀಯೆ: ಮೇಲೆ ಗುಮ್ಮಟ, ಮೂಲೆಗಳಲ್ಲಿ ನಂದಿ. ಕಿಟಕಿಯ ಸರಳುಗಳು ಗಟ್ಟಿ ಹಿತ್ತಾಳೆಯವು. ಮಳೆಗಾಲದಲ್ಲಿ ಅವುಗಳಿಗೆ ಕೆನ್ನೆ ಒತ್ತಿ ನೀನು ಒಳಗೆ ಇಣುಕುತ್ತಿದ್ದೆ. ತಂದೆಗೆ ಅಂಥ ಗದ್ದಿಗೆ ಕಟ್ಟಿಸಿದ ಲಿಂಗವಂತ ದೊರೆ 1859ರಲ್ಲಿ ಲಂಡನ್ನಿನಲ್ಲಿ ಸತ್ತಾಗ ಅವನನ್ನು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹೂಳಿದರು. ಐದು ವರ್ಷಗಳ ಮೇಲೆ ಮಗಳನ್ನು ಬ್ರಾಂಪ್ಟನ್ನಿನಲ್ಲಿ. ಒಂದೇ ಊರು, ಎರಡು ಸ್ಮಶಾನ. ಮಗಳನ್ನು ರಾಣಿಗೆ ಒಪ್ಪಿಸಿದ್ದರಲ್ಲಿ ಅವಳ ಹಿತದ ಯೋಚನೆ ಎಷ್ಟಿತ್ತು, ಹಣದ ದಾವೆಗೆ ಅನುಕೂಲವಾದೀತೆಂಬ ಲೆಕ್ಕಾಚಾರ ಎಷ್ಟಿತ್ತು ಎಂದು ತೂಗುತ್ತ ಕೂತರೆ ತಕ್ಕಡಿ ದಿನಕ್ಕೊಂದು ಕಡೆ ವಾಲುತ್ತದೆ. ಮಗಳನ್ನು ದೂರದೇಶಕ್ಕೆ ಕಳಿಸಿದವಳು ನಾನೂ ಆಗಿರುವುದರಿಂದ ತೀರ್ಪು ಕೊಡಲು ತಕ್ಕವಳಲ್ಲವೇನೋ.

ಇನ್ನೊಂದು ಮಾತು. ಆ ಸ್ಮಶಾನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಹೂಳಿದ್ದಾರೆ, ಸ್ಮಾರಕಗಳಿರುವುದು ಮೂವತ್ತೈದು ಸಾವಿರದಷ್ಟು. ಒಂದೇ ಗೋರಿಯಲ್ಲಿ ಮನೆಮಂದಿಯೆಲ್ಲ ಇರುವುದೂ ಉಂಟು. ಆದರೂ ಕಲ್ಲಿಲ್ಲದವರು ಬಹಳ. ಕಾಲರಾ ಹರಡುವುದು ನೀರಿನಿಂದ ಎಂದು ತೋರಿಸಿಕೊಟ್ಟ ಡಾಕ್ಟರ್ ಜಾನ್ ಸ್ನೋ ಅಲ್ಲಿದ್ದಾನೆ, ಹೆಂಗಸರ ಮತದ ಹಕ್ಕಿಗಾಗಿ ಸೆರೆಮನೆ ಕಂಡ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಇದ್ದಾಳೆ; ಅವರನ್ನು ಹುಡುಕಿಕೊಂಡು ಜನ ಬರುತ್ತಾರೆ. ಗೌರಮ್ಮನ ಬಟ್ಟೆ ಒಗೆದವಳು, ಕೆಮ್ಮು ಏರಿದ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತಿದ್ದ ದಾದಿ, ಇವರು ಯಾವ ಹುಲ್ಲಿನ ಕೆಳಗಿದ್ದಾರೋ. ನಿನ್ನ ಊಹೆಯ ಓಟ ಅಷ್ಟು ದೂರ ಹೋಗುವುದಾದರೆ ಅವರ ಮೇಲೂ ಸ್ವಲ್ಪ ಹರಿಸು. ಅವಳ ಮಗಳು ಈಡಿತ್‌ಗೆ ತಾಯಿ ಹೋದಾಗ ಮೂರು ತುಂಬಿರಲಿಲ್ಲ. ಆ ವಯಸ್ಸಿನ ಮಗುವಿಗೆ ಅಮ್ಮನ ಮುಖಕ್ಕಿಂತ ಅಮ್ಮನ ಸೀರೆಯ ವಾಸನೆ ಹೆಚ್ಚು ನೆನಪಿರುತ್ತದೆ, ಆದರೆ ಗೌರಮ್ಮ ಆಗ ಸೀರೆ ಉಡುತ್ತಿದ್ದಳೋ ಗೌನು ತೊಡುತ್ತಿದ್ದಳೋ.

ಒಂದು ಭಾನುವಾರ ಬಿಡುವು ಮಾಡಿಕೊಂಡು, ಕಚೇರಿಯಲ್ಲಿ ಕೇಳಿ ಜಾಗ ಗುರುತು ಮಾಡಿಕೊ. ಹೂವು ಇಡಬೇಕೆನಿಸಿದರೆ ಇಡು, ಒತ್ತಾಯವಿಲ್ಲ. ಕಲ್ಲಿನ ಮೇಲಿನ ಬರಹವನ್ನು ಒಂದಕ್ಷರವೂ ಬಿಡದೆ ಬರೆದು ಕಳಿಸು. ಗೌರಮ್ಮನ ತಾಯಿಯ ಹೆಸರು ಅದರಲ್ಲಿದೆಯೇ ಎಂದು ನನಗೆ ನೋಡಬೇಕಾಗಿದೆ. ಫೋಟೋ ತೆಗೆಯುವಾಗ ಅಕ್ಕಪಕ್ಕದ ಗೋರಿಗಳ ಹೆಸರೂ ಇಸವಿಯೂ ಓದಲು ಬರುವ ಹಾಗೆ ತೆಗೆ. ಇಷ್ಟು ವರ್ಷ ಅವಳಿಗೆ ನೆರೆಯವರಾಗಿರುವವರು ಯಾರೆಂದು ಅಜ್ಜಿ ಈಗಾಗಲೇ ಎರಡು ಸಲ ಕೇಳಿದ್ದಾರೆ.

ಇಂತಿ ನಿನ್ನ
ಅಮ್ಮ